ಹಳೆಯ ಟ್ರ್ಯಾಕ್ಟರಿನ ಎಂಜಿನ್ ಎಣ್ಣೆ: ಆಯ್ಕೆ ಮತ್ತು ಮನೆಯಲ್ಲೇ ಪರೀಕ್ಷೆ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ನಾವು ರೈತ ಬಾಂಧವರಿಗೆ ಹೇಳುತ್ತ ಬಂದಿದ್ದೇವೆ. ಆದರೆ ಅದೇ ಹೊಲವನ್ನು ಉಳುವ ಟ್ರ್ಯಾಕ್ಟರಿನ ಎಂಜಿನ್ ಎಣ್ಣೆಯ ವಿಷಯಕ್ಕೆ ಬಂದಾಗ ಪರೀಕ್ಷೆಯ ಮಾತೇ ಏಳುವುದಿಲ್ಲ. ಗೇಜ್ ಕಡ್ಡಿಯನ್ನು ಎಳೆದು, ಎಣ್ಣೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ, ‘ಇನ್ನೂ ಜಿಗುಟು ಇದೆ, ನಡೆಯುತ್ತದೆ’ ಎಂದೋ ‘ಕಪ್ಪಾಗಿದೆ, ತೆಗೆಯಬೇಕು’ ಎಂದೋ ತೀರ್ಮಾನಿಸುವುದು ರೂಢಿ. ಈ ಎರಡು ತೀರ್ಮಾನಗಳೂ ಬಹಳ ಸಲ ತಪ್ಪಾಗಿರುತ್ತವೆ.

ಬೇಸಾಯಶಾಸ್ತ್ರದವನಾದ ನಾನು ಎಣ್ಣೆಯ ಬಗ್ಗೆ ಬರೆಯುವುದಕ್ಕೆ ಕಾರಣ ನಮ್ಮ ಮನೆಯಲ್ಲೇ ಆದ ನಷ್ಟ. ನಮ್ಮದು ಎರೆ ಭೂಮಿ, ಹಿಂಗಾರಿ ಜೋಳದ ಊರು. 2005ರ ಮಳೆಗಾಲದಲ್ಲಿ ನಮ್ಮ ತಂದೆಯವರು ಒಂದು ಸಂಗತಿಯನ್ನು ಸಂತೋಷದಿಂದ ಹೇಳುತ್ತಿದ್ದರು: ಹದಿನೆಂಟು ವರ್ಷದ ಟ್ರ್ಯಾಕ್ಟರು ಈಗ ಎಣ್ಣೆಯನ್ನೇ ತಿನ್ನುತ್ತಿಲ್ಲ, ಕಡ್ಡಿಯ ಮೇಲಿನ ಮಟ್ಟ ಇಳಿಯುವುದಿರಲಿ, ಬೆರಳಗಲ ಏರಿದೆ! ನಾನಾಗ ಸಂಶೋಧನಾ ವಿದ್ಯಾರ್ಥಿ. ನನಗೂ ಏನೂ ಅನುಮಾನ ಬರಲಿಲ್ಲ. ಸೆಪ್ಟೆಂಬರ್ ಕೊನೆಯ ವಾರ, ಹೊಲ ಹದಕ್ಕೆ ಬಂದ ಎರಡನೆಯ ದಿನ, ಎಂಜಿನ್ ಬಡಿಯತೊಡಗಿ ಹೊಲದಲ್ಲೇ ಜಾಮ್ ಆಯಿತು. ಬಿಚ್ಚಿದಾಗ ಬೇರಿಂಗುಗಳು ಕಿತ್ತುಹೋಗಿದ್ದವು. ಡೀಸೆಲ್ ಎತ್ತುವ ಫೀಡ್ ಪಂಪಿನೊಳಗಿನ ರಬ್ಬರ್ ಡಯಾಫ್ರಾಂ ಸೀಳಿ, ಡೀಸೆಲ್ ಹನಿಹನಿಯಾಗಿ ಆಯಿಲ್ ಚೇಂಬರಿಗೆ ಇಳಿಯುತ್ತಿತ್ತು. ಕಡ್ಡಿಯ ಮೇಲೆ ಏರಿದ್ದು ಎಣ್ಣೆಯಲ್ಲ, ಡೀಸೆಲ್. ಕ್ರ್ಯಾಂಕು ಗ್ರೈಂಡಿಂಗ್ ಆಗಿ ಬರುವಷ್ಟರಲ್ಲಿ ಮೂರು ವಾರ ಕಳೆಯಿತು. ತಡವಾಗಿ ಬಿತ್ತಿದ ಮಾಲದಂಡಿ ಕಾಳು ಕಟ್ಟುವ ಹೊತ್ತಿಗೆ ಭೂಮಿಯಲ್ಲಿ ತೇವ ಉಳಿದಿರಲಿಲ್ಲ. ಎಂಜಿನ್ ದುರಸ್ತಿಯ ಖರ್ಚಿಗಿಂತ ಆ ವರ್ಷದ ಜೋಳ ಮತ್ತು ಕಣಿಕೆಯ ನಷ್ಟವೇ ದೊಡ್ಡದಾಯಿತು.

ಒಂದು ಸೋಸುಕಾಗದ ಮತ್ತು ಹೊಸ ಎಣ್ಣೆಯ ಒಂದು ಸಣ್ಣ ಶೀಸೆ ಮನೆಯಲ್ಲಿದ್ದಿದ್ದರೆ ಈ ದೋಷ ಆಗಸ್ಟಿನಲ್ಲೇ ಗೊತ್ತಾಗುತ್ತಿತ್ತು.

ಎಣ್ಣೆ ಕಪ್ಪಾಗುವುದೇಕೆ?

ಎಂಜಿನ್ ಎಣ್ಣೆಯನ್ನು ಬರೀ ಕೀಲೆಣ್ಣೆ ಎಂದು ತಿಳಿಯುವುದು ಸರಿಯಲ್ಲ. ಅದು ತಿರುಗುವ ಭಾಗಗಳ ನಡುವೆ ಪೊರೆಯಂತೆ ನಿಂತು ಸವೆತವನ್ನು ತಡೆಯುತ್ತದೆ, ಪಿಸ್ಟನ್ನಿನ ಶಾಖವನ್ನು ಹೊತ್ತೊಯ್ಯುತ್ತದೆ, ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುತ್ತದೆ, ಆಮ್ಲಗಳನ್ನು ಕೊಲ್ಲುತ್ತದೆ. ಮಸಿಯ ಕಣಗಳು ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ, ಚಿಕ್ಕವು. ಒಳ್ಳೆಯ ಎಣ್ಣೆ ಅವು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟದಂತೆ ಬೇರೆಬೇರೆಯಾಗಿ ಹಿಡಿದಿಡುತ್ತದೆ. ಆದ್ದರಿಂದ ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಹಾಕಿದ ಕೆಲವೇ ಗಂಟೆಗಳಲ್ಲಿ ಕಪ್ಪಾದರೆ ಹೆದರಬೇಕಾಗಿಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಬಹುಕಾಲ ನಡೆದರೂ ಹೊಂಬಣ್ಣದಲ್ಲೇ ಉಳಿದಿರುವ ಎಣ್ಣೆಯ ಬಗ್ಗೆಯೇ ನನಗೆ ಹೆಚ್ಚು ಅನುಮಾನ; ಮಸಿಯನ್ನು ಅದು ಎಂಜಿನ್ನಿನ ಒಳಗೋಡೆಗೆ ಬಿಟ್ಟುಕೊಡುತ್ತಿರಬಹುದು.

ಆಮ್ಲದ ವಿಷಯ ಬೇಸಾಯಗಾರರಿಗೆ ಸುಲಭವಾಗಿ ತಿಳಿಯುವಂಥದು. ಹುಳಿ ಮಣ್ಣಿಗೆ ನಾವು ಸುಣ್ಣ ಹಾಕುತ್ತೇವೆ. ಡೀಸೆಲ್ಲಿನ ಗಂಧಕ ಉರಿದು ಆಮ್ಲವಾಗುವುದರಿಂದ ಎಣ್ಣೆಯಲ್ಲಿಯೂ ಕ್ಷಾರವನ್ನು ಸೇರಿಸಿರುತ್ತಾರೆ, ಮತ್ತು ಅದರ ಬಹುಪಾಲು ಅತಿ ಸೂಕ್ಷ್ಮ ಕಣಗಳ ರೂಪದಲ್ಲಿರುವ ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಣ್ಣದಕಲ್ಲಿನ ವಸ್ತುವೇ! ಹೊಸ ಡೀಸೆಲ್ ಎಂಜಿನ್ ಎಣ್ಣೆಯ ಕ್ಷಾರಶಕ್ತಿ ಸಾಮಾನ್ಯವಾಗಿ ಗ್ರಾಮಿಗೆ 8ರಿಂದ 12 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಸಮನಾಗಿರುತ್ತದೆ. ಇದು ಅರ್ಧಕ್ಕಿಳಿದಾಗ ಎಣ್ಣೆ ಬದಲಿಸಬೇಕೆಂಬುದು ಪ್ರಯೋಗಾಲಯಗಳ ಸಾಮಾನ್ಯ ನಿಯಮ. 1990ರ ದಶಕದ ಆರಂಭದಲ್ಲಿ ನಮ್ಮ ದೇಶದ ಡೀಸೆಲ್ಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೆ ಗಂಧಕವಿರಬಹುದಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ದೊರೆಯುವ ಭಾರತ್ ಹಂತ 6ರ ಡೀಸೆಲ್ಲಿನಲ್ಲಿ ಅದರ ಮಿತಿ ದಶಲಕ್ಷಕ್ಕೆ 10 ಪಾಲು, ಸಾವಿರಪಟ್ಟು ಕಡಿಮೆ. ಆದ್ದರಿಂದ ಹಿಂದೆ ಆಮ್ಲದ ಭಯದಿಂದ ಎಣ್ಣೆ ಬದಲಿಸುತ್ತಿದ್ದ ಕಾರಣ ಈಗ ಬಹುಮಟ್ಟಿಗೆ ಹಿಂದೆ ಸರಿದಿದೆ. ಮಸಿ, ಧೂಳು, ನೀರು ಮತ್ತು ಸೋರಿ ಬರುವ ಡೀಸೆಲ್ ಮಾತ್ರ ಇದ್ದಂತೆಯೇ ಇವೆ.

ಡಬ್ಬಿಯ ಮೇಲಿನ ಅಂಕಿಗಳು

ಡಬ್ಬಿಯ ಮೇಲೆ 20ಡಬ್ಲ್ಯು-40 ಅಥವಾ 15ಡಬ್ಲ್ಯು-40 ಎಂದು ಬರೆದಿರುತ್ತದೆ. ಇದು ಎಣ್ಣೆಯ ಸ್ನಿಗ್ಧತೆಯ, ಅಂದರೆ ಹರಿಯದೆ ಹಿಡಿದುಕೊಳ್ಳುವ ಗುಣದ, ಎಸ್.ಎ.ಇ. ದರ್ಜೆ. ಡಬ್ಲ್ಯು ಎಂಬುದು ತೂಕದ ಗುರುತೆಂದು ಅಂಗಡಿಗಳಲ್ಲಿ ಹೇಳುವುದುಂಟು. ಅದು ಚಳಿಗಾಲದ ಗುರುತು. 15ರ ದರ್ಜೆಯ ಎಣ್ಣೆಯಲ್ಲಿ ಎಂಜಿನ್ ತಿರುಗೀತೇ ಎಂಬುದನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 20ರ ದರ್ಜೆಯದನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಅಳೆಯುತ್ತಾರೆ. ಬೀದರಿನ ಪುಷ್ಯಮಾಸದ ಮುಂಜಾವು ಕೂಡ ಅದರ ಹತ್ತಿರ ಸುಳಿಯುವುದಿಲ್ಲ. ನಮ್ಮ ರಾಜ್ಯದ ಹಳೆಯ ಟ್ರ್ಯಾಕ್ಟರಿಗೆ ಈ ಮೊದಲ ಅಂಕಿ 15 ಇದ್ದರೇನು, 20 ಇದ್ದರೇನು, ಹೆಚ್ಚಿನ ವ್ಯತ್ಯಾಸವಿಲ್ಲ.

ಎರಡನೆಯ ಅಂಕಿ ಮುಖ್ಯವಾದುದು. ಅದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಅಂದರೆ ಎಂಜಿನ್ ದುಡಿಯುವಾಗ, ಎಣ್ಣೆ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ತಿಳಿಸುತ್ತದೆ. 40ರ ದರ್ಜೆಯೆಂದರೆ ಆ ಶಾಖದಲ್ಲಿ 12.5ರಿಂದ 16.3 ಸೆಂಟಿಸ್ಟೋಕಿನೊಳಗೆ, 30ರ ದರ್ಜೆಯೆಂದರೆ 9.3ರಿಂದ 12.5ರೊಳಗೆ. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಯಾವ ದರ್ಜೆ ಹೇಳಿದೆಯೋ ಅದನ್ನೇ ಹಾಕತಕ್ಕದ್ದು. ಎಂಜಿನ್ ಹಳೆಯದಾಯಿತೆಂದು ಕೈಪಿಡಿ ಹಳೆಯದಾಗುವುದಿಲ್ಲ.

ಅಂಕಿಯ ಪಕ್ಕದಲ್ಲಿರುವ ಎ.ಪಿ.ಐ. ಅಕ್ಷರಗಳನ್ನೂ ನೋಡಬೇಕು. ಸಿ ಎಂದು ಮೊದಲಾಗುವವು ಡೀಸೆಲ್ ಎಂಜಿನ್ನಿಗೆ, ಎಸ್ ಎಂದು ಮೊದಲಾಗುವವು ಪೆಟ್ರೋಲ್ ಎಂಜಿನ್ನಿಗೆ. ಹಳೆಯ ಕೈಪಿಡಿಗಳಲ್ಲಿ ಸಿ.ಸಿ. ಅಥವಾ ಸಿ.ಡಿ. ಎಂದಿರುವುದುಂಟು. ಇವು ಎಂದೋ ಬಳಕೆ ತಪ್ಪಿದ ದರ್ಜೆಗಳು. ಸಿ.ಡಿ. ಬೇಕೆಂದಿರುವ ಎಂಜಿನ್ನಿಗೆ 1998ರಲ್ಲಿ ಬಂದ ಸಿ.ಎಚ್-4 ಅಥವಾ 2002ರಲ್ಲಿ ಬಂದ ಸಿ.ಐ-4 ದರ್ಜೆಯ ಎಣ್ಣೆಯನ್ನು ಧಾರಾಳವಾಗಿ ಹಾಕಬಹುದು. ಅದಕ್ಕೂ ಹೊಸದಾದ, 2016ರಲ್ಲಿ ಬಂದ ಸಿ.ಕೆ-4ರಲ್ಲಿ ಬೂದಿ ಮತ್ತು ರಂಜಕದ ಅಂಶಗಳಿಗೆ ಮಿತಿ ಹಾಕಿದ್ದಾರೆ. ಹೊಸ ವಾಹನಗಳ ಹೊಗೆಕೊಳವೆಯಲ್ಲಿರುವ ಸೋಸುಕಗಳು ಕಟ್ಟಿಕೊಳ್ಳಬಾರದೆಂಬುದು ಅದರ ಉದ್ದೇಶ. ನಿಮ್ಮ ಹಳೆಯ ಟ್ರ್ಯಾಕ್ಟರಿನಲ್ಲಿ ಅಂಥ ಸೋಸುಕವೇ ಇಲ್ಲ. ಅದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯ ಕಾಣುವುದಿಲ್ಲ.

ಮನೆಯ ಕಾರಿಗೆ ಹಾಕಿ ಉಳಿದ ಎಣ್ಣೆಯನ್ನು ಟ್ರ್ಯಾಕ್ಟರಿಗೆ ಸುರಿಯಬಾರದು. ಈಗಿನ ಕಾರುಗಳ 0ಡಬ್ಲ್ಯು-20, 5ಡಬ್ಲ್ಯು-30 ಎಣ್ಣೆಗಳು ತೆಳು. ಜೊತೆಗೆ ಅವುಗಳಲ್ಲಿ ರಂಜಕ ನೂರಕ್ಕೆ 0.08 ಪಾಲನ್ನು ಮೀರದಂತೆ ನೋಡಿಕೊಂಡಿರುತ್ತಾರೆ. ಹಳೆಯ ಎಂಜಿನ್ನುಗಳ ಕ್ಯಾಮ್ ಮತ್ತು ಟ್ಯಾಪೆಟ್ಟುಗಳು ಒಂದರ ಮೇಲೊಂದು ಉಜ್ಜುತ್ತ ಕೆಲಸ ಮಾಡುವುದರಿಂದ ಅಲ್ಲಿ ಸತು ಮತ್ತು ರಂಜಕ ಕೂಡಿದ ಒಂದು ಸಂಯುಕ್ತವೇ ಕಾಪು. (ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಜತನದಿಂದ ಇಟ್ಟುಕೊಂಡವರೂ ಹೊಸ ಎಣ್ಣೆಗಳ ಈ ಸತುವಿನ ಪ್ರಶ್ನೆಗೇ ತಲೆ ಕೆಡಿಸಿಕೊಳ್ಳುತ್ತಾರೆ.) ಡೀಸೆಲ್ ಎಂಜಿನ್ನಿನ ಎಣ್ಣೆಗಳಲ್ಲಿ ಇದು ಸಾಕಷ್ಟು ಇರುತ್ತದೆ. ಬೇರೆಯಾಗಿ ಶೀಸೆಯಲ್ಲಿ ಮಾರುವ ‘ಶಕ್ತಿವರ್ಧಕ’ಗಳನ್ನು ಸೇರಿಸುವುದು, ಗೊಬ್ಬರ ಸಾಕಷ್ಟಿರುವ ಹೊಲಕ್ಕೆ ಮತ್ತೆ ಯೂರಿಯ ಎರಚಿದಂತೆ.

ಹಳೆಯ ಎಂಜಿನ್ನಿಗೆ ದಪ್ಪ ಎಣ್ಣೆಯೇ?

ಇದು ಎಲ್ಲ ಗ್ಯಾರೇಜುಗಳಲ್ಲಿ ಕೇಳಿಬರುವ ಸಲಹೆ. ಇದರಲ್ಲಿ ಒಂದು ಪಾಲು ನಿಜವಿದೆ. ಬೇರಿಂಗು ಸವೆದು ಸಂದು ದೊಡ್ಡದಾದಾಗ ತೆಳು ಎಣ್ಣೆ ಬೇಗ ಹರಿದುಹೋಗುತ್ತದೆ; ಎಂಜಿನ್ ಕಾದ ಮೇಲೆ ಒತ್ತಡದ ಮುಳ್ಳು ಕೆಳಗಿಳಿಯುತ್ತದೆ. ಕೈಪಿಡಿ ಬೇಸಿಗೆಗೆ ಒಂದು ದರ್ಜೆ ಮೇಲಿನದನ್ನು ಒಪ್ಪುವುದಾದರೆ ಹಾಗೆ ಮಾಡಬಹುದು. ಆದರೆ ಅದು ಔಷಧವಲ್ಲ, ಊರುಗೋಲು. ದಪ್ಪ ಎಣ್ಣೆ ಮುಂಜಾನೆ ಚಾಲೂ ಮಾಡಿದಾಗ ರಾಕರ್ ಮೊದಲಾದ ಮೇಲ್ಭಾಗಗಳಿಗೆ ತಡವಾಗಿ ತಲುಪುತ್ತದೆ. ಸವೆತ ಹೆಚ್ಚಾಗುವುದೂ ಆ ಹೊತ್ತಿನಲ್ಲೇ.

ಎಂಜಿನ್ ಎಣ್ಣೆಗೆ 90ರ ಗೇರ್ ಆಯಿಲನ್ನು ಒಂದೆರಡು ಲೀಟರ್ ಬೆರೆಸುವ ಪದ್ಧತಿಯನ್ನಂತೂ ಪೂರ್ತಿ ಬಿಡಬೇಕು. 90 ಎಂಬುದು 40ರ ಎರಡರಷ್ಟಕ್ಕಿಂತ ದಪ್ಪ ಎಂಬ ಭಾವನೆಯೇ ತಪ್ಪು. ಗೇರ್ ಎಣ್ಣೆಯ ಅಳತೆಗೋಲು ಬೇರೆ. 90ರ ಗೇರ್ ಎಣ್ಣೆ 100 ಡಿಗ್ರಿಯಲ್ಲಿ ಹೆಚ್ಚುಕಡಿಮೆ 40 ಅಥವಾ 50ರ ಎಂಜಿನ್ ಎಣ್ಣೆಯಷ್ಟೇ ದಪ್ಪ. ದಪ್ಪವೂ ಬರಲಿಲ್ಲ, ಮಸಿಯನ್ನು ತೇಲಿಸುವ ಗುಣವೂ ಅದರಲ್ಲಿಲ್ಲ. ಗೇರ್ ಹಲ್ಲುಗಳಿಗೆಂದು ಅದರಲ್ಲಿ ಸೇರಿಸಿದ ಗಂಧಕದ ಸಂಯುಕ್ತಗಳು ಕಾದ ಎಂಜಿನ್ನಿನಲ್ಲಿ ತಾಮ್ರ, ಕಂಚಿನ ಬುಷ್‌ಗಳನ್ನು ತಿನ್ನತೊಡಗುತ್ತವೆ.

ಪರೀಕ್ಷೆಗೆ ಮಾದರಿ ತೆಗೆಯುವುದು

ಹೊಲದ ಪ್ರಯೋಗದಲ್ಲಿ ಹೋಲಿಕೆಯ ತಾಕು ಇಲ್ಲದೆ ಯಾವ ಗೊಬ್ಬರದ ಗುಣವನ್ನೂ ನಾವು ಹೇಳುವುದಿಲ್ಲ. ಎಣ್ಣೆಗೂ ಹಾಗೆಯೇ. ಹೊಸ ಡಬ್ಬಿ ಒಡೆದ ದಿನ ಅದರಿಂದ 200 ಮಿಲಿಲೀಟರ್ ಎಣ್ಣೆಯನ್ನು ಒಣಗಿದ ಶುದ್ಧ ಶೀಸೆಯಲ್ಲಿ ತೆಗೆದು, ಮುಚ್ಚಿ, ದಿನಾಂಕ ಮತ್ತು ಗಂಟೆ ಮೀಟರಿನ ಅಂಕಿ ಬರೆದ ಚೀಟಿ ಅಂಟಿಸಿ ನೆರಳಿನಲ್ಲಿಡಿ. ಮುಂದಿನ ಎಲ್ಲ ಪರೀಕ್ಷೆಗಳಿಗೆ ಇದೇ ಹೋಲಿಕೆಯ ತಾಕು. ನೆರೆಯವರ ಎಣ್ಣೆಯೊಂದಿಗೆ, ಅಥವಾ ಹೋದ ವರ್ಷದ ಬೇರೆ ಕಂಪನಿಯ ಎಣ್ಣೆಯೊಂದಿಗೆ ಹೋಲಿಸಿ ಪ್ರಯೋಜನವಿಲ್ಲ.

ನಡೆದ ಎಣ್ಣೆಯ ಮಾದರಿಯನ್ನು ಎಂಜಿನ್ ಅರ್ಧ ಗಂಟೆಯಾದರೂ ದುಡಿದು ಕಾದ ಮೇಲೆ, ನಿಲ್ಲಿಸಿದ ಕೂಡಲೆ ತೆಗೆಯಬೇಕು. ಬೆಳಿಗ್ಗೆ ತಣ್ಣಗಿರುವಾಗ ತೆಗೆದರೆ ನೀರು, ಕಸ ತಳದಲ್ಲಿ ಕುಳಿತಿರುತ್ತವೆ. ಗೇಜ್ ಕಡ್ಡಿಯ ರಂಧ್ರದೊಳಗೆ ಶುದ್ಧವಾದ ಸಣ್ಣ ಪ್ಲಾಸ್ಟಿಕ್ ನಳಿಕೆ ಇಳಿಸಿ ಸಿರಿಂಜಿನಿಂದ ಎಳೆಯುವುದು ಸುಲಭ. ಎಣ್ಣೆ ಬದಲಿಸುವ ದಿನವಾದರೆ, ಮೊದಲು ಸುರಿಯುವುದನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿಯಿರಿ. ಕಾದ ಎಣ್ಣೆ ಕೈಮೇಲೆ ಬೀಳದಂತೆ ಎಚ್ಚರವಿರಲಿ.

ಕಾಗದದ ಮೇಲೆ ಹನಿ

ಶಾಲೆಯ ಪ್ರಯೋಗಶಾಲೆಗೆ ತರುವ ಸೋಸುಕಾಗದವನ್ನು ಒಂದು ಲೋಟದ ಬಾಯಿಯ ಮೇಲೆ, ನಡುಭಾಗ ಯಾವುದಕ್ಕೂ ತಾಗದಂತೆ ಇಡಿ. ಮಾದರಿಯ ಶೀಸೆಯನ್ನು ಚೆನ್ನಾಗಿ ಕುಲುಕಿ, ಒಂದು ತಂತಿಯ ತುದಿಯಿಂದ ಒಂದೇ ಹನಿ ಬಿಡಿ. ಪಕ್ಕದ ಲೋಟದ ಮೇಲೆ ಹೊಸ ಎಣ್ಣೆಯ ಒಂದು ಹನಿ. ಗಾಳಿ, ಬಿಸಿಲು ತಾಗದ ಕಡೆ ಒಂದು ರಾತ್ರಿ ಬಿಟ್ಟು ನೋಡಿ.

ನಡುವೆ ಬೂದುಬಣ್ಣದ ಮಚ್ಚೆ, ಅದರ ಸುತ್ತ ಮಸಿ ಮೆಲ್ಲಗೆ ತೆಳುವಾಗುತ್ತ ಹೊರಗಿನವರೆಗೆ ಹರಡಿದ್ದರೆ ಎಣ್ಣೆ ಮಸಿಯನ್ನು ಇನ್ನೂ ತೇಲಿಸಬಲ್ಲದು, ಕಪ್ಪಾಗಿದ್ದರೂ ಮುಂದುವರಿಸಬಹುದು. ಮಸಿಯೆಲ್ಲ ನಡುವೆಯೇ ಗಡ್ಡೆಗಟ್ಟಿ, ಗೆರೆ ಎಳೆದಂತೆ ಅಂಚು ಕಟ್ಟಿ, ಹೊರಗೆ ಬರೀ ಎಣ್ಣೆ ಹರಿದಿದ್ದರೆ ಅದರ ಶಕ್ತಿ ಮುಗಿದಿದೆ, ಗಂಟೆ ಎಷ್ಟೇ ಆಗಿರಲಿ ಬದಲಿಸಬೇಕು. ಅಂಚು ಗರಗಸದಂತೆ ಹಲ್ಲುಹಲ್ಲಾಗಿದ್ದರೆ ನೀರು ಸೇರಿರುವ ಅನುಮಾನ. ಮಸಿಯ ವಲಯದಾಚೆ ತೆಳುವಾದ, ಬೆಳಕು ಹಾಯುವ ಅಗಲ ಬಳೆ ಕಂಡರೆ ಡೀಸೆಲ್ಲಿನ ಅನುಮಾನ. ಹೊಸ ಎಣ್ಣೆಯೂ ಸ್ವಲ್ಪ ಬಳೆ ಬಿಡುವುದರಿಂದ ಹೋಲಿಸದೆ ತೀರ್ಮಾನಿಸಬಾರದು.

ಅನುಮಾನ ಅನುಮಾನವಾಗಿಯೇ ಉಳಿಯಬಾರದೆಂದರೆ ನೀವೇ ಒಂದು ಪಟ್ಟಿ ತಯಾರಿಸಿಕೊಳ್ಳಿ. ಭತ್ತಕ್ಕೆ ಎಲೆ ಬಣ್ಣದ ಪಟ್ಟಿ ಇದ್ದ ಹಾಗೆ ಇದು. ಚೆನ್ನಾಗಿದೆಯೆಂದು ಗೊತ್ತಿರುವ, ಸುಮಾರು 50 ಗಂಟೆ ನಡೆದ ಎಣ್ಣೆಯ 19 ಮಿಲಿಲೀಟರಿಗೆ 1 ಮಿಲಿಲೀಟರ್ ಡೀಸೆಲ್ ಬೆರೆಸಿ ಹನಿ ಬಿಡಿ; ಇನ್ನೊಂದಕ್ಕೆ ಡೀಸೆಲ್ಲಿನ ಬದಲು ಕೆಲವು ಹನಿ ನೀರು ಸೇರಿಸಿ, ಚೆನ್ನಾಗಿ ಕುಲುಕಿ ಹನಿ ಬಿಡಿ. ಒಣಗಿದ ಮೇಲೆ ಹೆಸರು ಬರೆದು ಪುಸ್ತಕದಲ್ಲಿ ಅಂಟಿಸಿ. ಮುಂದೆ ಬರುವ ಮಚ್ಚೆಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಊಹೆಗೆ ಎಡೆ ಕಡಿಮೆ. ನೂರಕ್ಕೆ ಐದು ಪಾಲು ಡೀಸೆಲ್ ಸೇರಿದರೆ 40ರ ಎಣ್ಣೆ ಸುಮಾರಾಗಿ 30ರ ದರ್ಜೆಗೆ ಇಳಿಯುತ್ತದೆ. ಏಳು ಲೀಟರ್ ಹಿಡಿಯುವ ಚೇಂಬರಿನಲ್ಲಿ ಅದು ಬರೀ 350 ಮಿಲಿಲೀಟರ್.

ಹರಿವಿನ ಪರೀಕ್ಷೆ

ದನಗಳಿಗೆ ಸೂಜಿಮದ್ದು ಕೊಡುವ 10 ಮಿಲಿಲೀಟರ್ ಸಿರಿಂಜನ್ನು ಸೂಜಿ ತೆಗೆದು, ಒತ್ತುಕಡ್ಡಿಯನ್ನೂ ತೆಗೆದು, ನೆಟ್ಟಗೆ ನಿಲ್ಲಿಸಿ ಕಟ್ಟಿ. ಕೆಳಗಿನ ತೂತನ್ನು ಬೆರಳಿನಿಂದ ಮುಚ್ಚಿ 10ರ ಗೆರೆಯವರೆಗೆ ಹೊಸ ಎಣ್ಣೆ ತುಂಬಿ, ಬೆರಳು ತೆಗೆದು 2ರ ಗೆರೆಗೆ ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಗಡಿಯಾರದಲ್ಲಿ ನೋಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಅನಂತರ ಅದೇ ಸಿರಿಂಜಿನಲ್ಲಿ ನಡೆದ ಎಣ್ಣೆಯನ್ನು ಅಳೆಯಿರಿ. ಎರಡು ಮಾದರಿಗಳನ್ನೂ ಒಂದೇ ಬೋಗುಣಿ ನೀರಿನಲ್ಲಿ ಒಂದು ಗಂಟೆ ಇಟ್ಟು ಉಷ್ಣತೆ ಸಮ ಮಾಡಿಕೊಳ್ಳುವುದನ್ನು ಮರೆಯಬಾರದು. ಉಷ್ಣತೆ 10 ಡಿಗ್ರಿ ಏರಿದರೆ ಎಣ್ಣೆಯ ಸ್ನಿಗ್ಧತೆ ಮೂರರಲ್ಲಿ ಒಂದು ಪಾಲಿನಷ್ಟು ಇಳಿದುಬಿಡುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಳೆದರೆ ನೀವು ಅಳೆದದ್ದು ಎಣ್ಣೆಯನ್ನಲ್ಲ, ಬಿಸಿಲನ್ನು.

ನಡೆದ ಎಣ್ಣೆಯ ಸಮಯ ಹೊಸದಕ್ಕಿಂತ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗಿದ್ದರೆ, ಅಂದರೆ 100 ಸೆಕೆಂಡಿನದು 80ಕ್ಕಿಂತ ಕೆಳಗಿಳಿದಿದ್ದರೆ, ಡೀಸೆಲ್ ಎಲ್ಲಿಂದ ಬರುತ್ತಿದೆ ಎಂದು ಹುಡುಕಿಸಬೇಕು: ಫೀಡ್ ಪಂಪಿನ ಡಯಾಫ್ರಾಂ, ಸೋರುವ ನಾಜಲ್, ಇಂಜೆಕ್ಷನ್ ಪಂಪಿನ ಸೀಲು. ಅಲ್ಲಿಯವರೆಗೆ ಟ್ರ್ಯಾಕ್ಟರನ್ನು ಭಾರಕ್ಕೆ ಹೂಡಬಾರದು. ಬರೀ ಎಣ್ಣೆ ಬದಲಿಸಿದರೆ ಕೆಲವು ದಿನಗಳಲ್ಲಿ ಮತ್ತದೇ ಸ್ಥಿತಿ. ಸಮಯ ಅಷ್ಟೇ ಪ್ರಮಾಣದಲ್ಲಿ ಹೆಚ್ಚಾಗಿದ್ದರೆ ಎಣ್ಣೆ ಮಸಿಯಿಂದಲೋ ಅತಿ ಶಾಖದಿಂದಲೋ ಗಟ್ಟಿಯಾಗಿದೆ.

ನೀರಿನ ಪರೀಕ್ಷೆ

ಇದು ಚಿಕ್ಕದು. ಒಂದು ಹಳೆಯ ಕಬ್ಬಿಣದ ತಗಡನ್ನು (ಅಡುಗೆಮನೆಯ ಹಂಚನ್ನಲ್ಲ) ನೀರಿನ ಹನಿ ಚುಂಯ್ ಎಂದು ಕೂಡಲೆ ಆರುವಷ್ಟು ಕಾಯಿಸಿ, ಒರೆಸಿ, ಹೊಸ ಎಣ್ಣೆಯ ಒಂದು ಹನಿ, ನಡೆದ ಎಣ್ಣೆಯ ಒಂದು ಹನಿ ಹಾಕಿ. ನೀರಿಲ್ಲದ ಎಣ್ಣೆ ಸುಮ್ಮನೆ ಹರಡುತ್ತದೆ. ನೀರು ಸಾವಿರಕ್ಕೆ ಒಂದು ಪಾಲಿನಷ್ಟಿದ್ದರೂ ಗುಳ್ಳೆಯೆದ್ದು ಚಟಚಟಗುಟ್ಟುತ್ತದೆ. ಹೊಗೆಯೇಳುವಷ್ಟು ಕಾಯಿಸಬಾರದು, ಮುಖ ದೂರವಿರಲಿ, ಡೀಸೆಲ್ ಕ್ಯಾನಿನ ಹತ್ತಿರ ಮಾಡಬಾರದು. ಚಟಚಟ ಸದ್ದು ಬಂದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಲೈನರಿನ ಸೀಲು ನೋಡಿಸಿ. ದಿನಕ್ಕೆ ಹತ್ತು ನಿಮಿಷ ಮಾತ್ರ ಚಾಲೂ ಮಾಡಿ ನಿಲ್ಲಿಸುವ ಟ್ರ್ಯಾಕ್ಟರಿನಲ್ಲಿ, ಒಳಗಿನ ಹಬೆಯೇ ತಣಿದು ಅಲ್ಪ ನೀರು ಸೇರುವುದುಂಟು. ಒಂದು ಗಂಟೆ ಚೆನ್ನಾಗಿ ದುಡಿಸಿ ಮತ್ತೆ ಪರೀಕ್ಷಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಈ ಪರೀಕ್ಷೆಗಳಿಗೆ ಸಿಕ್ಕದ್ದು

ಧೂಳು ಮತ್ತು ಲೋಹದ ಪುಡಿ ಈ ಯಾವ ಪರೀಕ್ಷೆಯಲ್ಲೂ ಕಾಣುವುದಿಲ್ಲ. ಬರಿಗಣ್ಣಿಗೆ 40 ಮೈಕ್ರಾನ್‌ಗಿಂತ ಸಣ್ಣ ಕಣ ಕಾಣದು. ಬೇರಿಂಗಿನ ಎಣ್ಣೆಪೊರೆಯೋ ಕೆಲವೇ ಮೈಕ್ರಾನ್ ದಪ್ಪ. ಎಣ್ಣೆಯಲ್ಲಿರುವ ಕಬ್ಬಿಣ, ತಾಮ್ರ, ಸಿಲಿಕಾನ್‌ಗಳನ್ನು ದಶಲಕ್ಷಕ್ಕೆ ಇಷ್ಟು ಪಾಲೆಂದು ಹೇಳಬಲ್ಲ ಎಣ್ಣೆ ವಿಶ್ಲೇಷಣಾ ಪ್ರಯೋಗಾಲಯಗಳಿವೆ. ಸಿಲಿಕಾನ್ ಏರಿದ್ದರೆ ಹೊಲದ ಮಣ್ಣೇ ಒಳಗೆ ಹೋಗುತ್ತಿದೆ ಎಂದು ಅರ್ಥ. ಬಾಡಿಗೆಗೆ ವರ್ಷಪೂರ್ತಿ ದುಡಿಯುವ ಟ್ರ್ಯಾಕ್ಟರಿಗೆ ವರ್ಷಕ್ಕೊಮ್ಮೆ ಈ ಖರ್ಚು ಮಾಡುವುದು ಲಾಭದಾಯಕ. ಸ್ವಂತ ಹೊಲಕ್ಕೆ ಮಾತ್ರ ಬಳಸುವವರು ಅದೇ ಗಮನವನ್ನು ಏರ್ ಕ್ಲೀನರಿನ ಕಡೆ ಕೊಟ್ಟರೆ ಸಾಕು.

ಹಳೆಯ ಟ್ರ್ಯಾಕ್ಟರುಗಳ ಏರ್ ಕ್ಲೀನರಿನ ಬಟ್ಟಲಿನಲ್ಲಿಯೂ ಎಂಜಿನ್ ಎಣ್ಣೆಯನ್ನೇ ಹಾಕಿರುತ್ತಾರೆ. ಒಣ ಎರೆಯಲ್ಲಿ ರೊಟಾವೇಟರ್ ಹೊಡೆಯುವಾಗ, ರಾಶಿಯ ಕಾಲದಲ್ಲಿ, ಈ ಬಟ್ಟಲನ್ನು ದಿನಾಲೂ ಬಿಚ್ಚಿ ನೋಡಬೇಕು. ಎಣ್ಣೆ ಕೆಸರಾಗಿದ್ದರೆ ಚೆಲ್ಲಿ, ಡೀಸೆಲ್ಲಿನಲ್ಲಿ ತೊಳೆದು, ಗುರುತಿನವರೆಗೆ ಮಾತ್ರ ಹೊಸದನ್ನು ತುಂಬಿ. ಗುರುತಿಗಿಂತ ಹೆಚ್ಚಾದರೆ ಎಂಜಿನ್ ಅದನ್ನು ಒಳಗೆಳೆದುಕೊಂಡು ಸುಡುತ್ತದೆ. ಬಿಚ್ಚಿದ ಎಣ್ಣೆಯನ್ನು ದನದ ಕಜ್ಜಿಗೆ ಹಚ್ಚುವುದು, ಬದುವಿಗೆ ಸುರಿಯುವುದು ಬೇಡ. ಡಬ್ಬಿಯಲ್ಲಿ ಕೂಡಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಎಣ್ಣೆ ಬದಲಿಸುವ ಅವಧಿ ಹಳೆಯ ಕೈಪಿಡಿಗಳಲ್ಲಿ 100ರಿಂದ 250 ಗಂಟೆಯವರೆಗೆ ಬೇರೆಬೇರೆ ಇದೆ. ಅದನ್ನು ಪಾಲಿಸುತ್ತಲೇ ಪ್ರತಿ 50 ಗಂಟೆಗೊಮ್ಮೆ ಒಂದು ಹನಿ ಕಾಗದಕ್ಕೆ ಬಿಡಿ. ಬಿತ್ತನೆಗೆ ಮೂರು ವಾರ ಮೊದಲು, ಅಂದರೆ ಮುಂಗಾರಿಗಾದರೆ ಮೇ ತಿಂಗಳಿನಲ್ಲಿ, ಹಿಂಗಾರಿಗಾದರೆ ಆಗಸ್ಟ್ ಕೊನೆಯಲ್ಲಿ, ಮೂರೂ ಪರೀಕ್ಷೆಗಳನ್ನು ಮಾಡಿ. ದೋಷ ಕಂಡರೆ ಸಾಮಾನು ತರಿಸಲು, ಮೇಸ್ತ್ರಿಯನ್ನು ಹಿಡಿಯಲು ಅಷ್ಟು ದಿನ ಬೇಕಾಗುತ್ತದೆ. ಪುಸ್ತಕದಲ್ಲಿ ಗಂಟೆ ಮೀಟರಿನ ಅಂಕಿ, ಕಡ್ಡಿಯ ಮೇಲಿನ ಮಟ್ಟ, ಮೇಲೆ ಸುರಿದ ಎಣ್ಣೆಯ ಅಳತೆ ಬರೆದಿಡಿ. ಮಟ್ಟ ಇಳಿದದ್ದನ್ನು ಎಲ್ಲರೂ ಬರೆಯುತ್ತಾರೆ. ಏರಿದ್ದನ್ನೂ ಬರೆಯಿರಿ, ಮತ್ತು ಏರಿದ ದಿನವೇ ಎಂಜಿನ್ ನಿಲ್ಲಿಸಿ ಕಾಗದದ ಮೇಲೆ ಹನಿ ಬಿಟ್ಟು ನೋಡಿ.